ಸೊಗದೇ ಬೇರಿನ ಚಹಾ ನಾನು ಮಾಡುವ ಕ್ರಮ

ಸೊಗದೇ ಬೇರನ್ನು, ಅಂದರೆ ನನ್ನಾರಿ ಅಥವಾ ಅನಂತಮೂಲ ಎನ್ನುವ ಬಳ್ಳಿಯ ಬೇರನ್ನು, ಶುಂಠಿ-ಜೀರಿಗೆಯ ಹಾಗೆ ಗಳಗಳ ಕುದಿಸಬಾರದು. ಅದರ ಪರಿಮಳ ಆವಿಯ ಜೊತೆ ಹಾರಿಹೋಗುವಂಥದ್ದು. ಹತ್ತು ನಿಮಿಷ ಕುದಿಸಿದಿರೋ, ಅಡುಗೆಮನೆಯೆಲ್ಲ ಘಮಘಮ, ಲೋಟದಲ್ಲಿ ಬರೀ ಕಂದು ಬಣ್ಣದ ಒಗರು ನೀರು.

ಮೊದಲು ಗುರುತು. ಎಲೆಯ ಆಕಾರ ನಂಬಬೇಡಿ, ಒಂದೇ ಬಳ್ಳಿಯಲ್ಲಿ ಸಪೂರವೂ ಇರುತ್ತದೆ, ಅಗಲವೂ ಇರುತ್ತದೆ. ಎಲೆಗಳು ಎದುರುಬದುರು, ನಡುವೆ ನಾಮ ಎಳೆದಂತೆ ಬಿಳಿ ಗೆರೆ, ಮುರಿದರೆ ಹಾಲು. ಆದರೆ ಹಾಲು ಬರುವ ಬಳ್ಳಿಗಳು ಬೇಲಿಯಲ್ಲಿ ಬೇಕಾದಷ್ಟಿವೆ, ಕೆಲವು ವಿಷ. ಹಾಗಾಗಿ ಬೇರನ್ನು ಉಗುರಿನಿಂದ ಕೆರೆದು ಮೂಸುತ್ತೇನೆ. ವೆನಿಲಾದಂಥ ವಾಸನೆ ಬರಬೇಕು. ಎಲೆ, ಹಾಲು, ವಾಸನೆ ಮೂರರಲ್ಲಿ ಒಂದು ತಪ್ಪಿದರೂ ಬಿಸಾಡುವುದೇ. ಅಂಗಡಿಯಲ್ಲಿ ಇದರ ಹೆಸರಿನಲ್ಲಿ ಮಾಕಳಿ ಬೇರು ಕೊಡುವುದುಂಟು. ಪರಿಮಳ ಹೆಚ್ಚುಕಡಿಮೆ ಅದೇ, ಆದರೆ ಅದು ದಪ್ಪ, ತಿರುಳಿನ ಬೇರು, ಉಪ್ಪಿನಕಾಯಿಗೆ ಹಾಕುವಂಥದ್ದು. ಸೊಗದೆ ಸಪೂರ, ಡೊಂಕು, ಸಿಪ್ಪೆಯ ಮೇಲೆ ಅಡ್ಡಡ್ಡ ಬಿರುಕು.

ಮಣ್ಣು ಹೋಗುವಂತೆ ತಿಕ್ಕಿ ತೊಳೆದು, ಕಲ್ಲಿನಿಂದ ಮೆಲ್ಲಗೆ ಜಜ್ಜಿದರೆ ಸಿಪ್ಪೆ ಬಿಡುತ್ತದೆ. ಪರಿಮಳವಿರುವುದು ಸಿಪ್ಪೆಯಲ್ಲೇ, ಒಳಗಿನ ನಾರುಕಡ್ಡಿ ದಂಡ. ಬಿಸಿಲಿಗೆ ಹಾಕದೆ ನೆರಳಲ್ಲೇ ಒಣಗಿಸಬೇಕು. ಬಾಗಿಸಿದರೆ ಟಪ್ ಎಂದು ಮುರಿಯುವವರೆಗೆ ಡಬ್ಬಿಗೆ ತುಂಬಬೇಡಿ; ಹಸಿ ಉಳಿದರೆ ಬೂಸ್ಟು ಹಿಡಿಯುತ್ತದೆ. ಬೂಸ್ಟು ಬಂದದ್ದನ್ನು ತೊಳೆದು ಬಳಸುವ ಜಾಣತನ ಬೇಡ.

ಒಬ್ಬರಿಗೆ 3 ಗ್ರಾಂ ಸಿಪ್ಪೆ, 200 ಮಿಲಿ ನೀರು. ನೀರು ಕುದಿ ಬಂದಮೇಲೆ ಒಲೆ ಆರಿಸಿ, ತರಿತರಿಯಾಗಿ ಕುಟ್ಟಿದ ಸಿಪ್ಪೆ ಹಾಕಿ, ಬಿಗಿಯಾಗಿ ಮುಚ್ಚಿ 15 ನಿಮಿಷ ಬಿಡುತ್ತೇನೆ. ಆಯುರ್ವೇದದಲ್ಲಿ ಫಾಂಟ ಎನ್ನುವುದು ಹೆಚ್ಚುಕಡಿಮೆ ಇದನ್ನೇ. ಮುಚ್ಚಳ ತೆಗೆದಾಗ ಅದರ ಒಳಗಿನ ಹನಿಗಳನ್ನೂ ಪಾತ್ರೆಗೇ ಕೊಡವಿ, ಘಮ ಅದರಲ್ಲಿದೆ. ಹಾಲು ಬೇಕಾದರೆ ಬೇರೆಯೇ ಕಾಯಿಸಿ ಸೇರಿಸಿ, ಬೆಲ್ಲ ಕೊನೆಗೆ. ಕುದಿಯುವ ಹಾಲಿಗೆ ಬೆಲ್ಲ ಹಾಕಿದರೆ ಒಡೆಯುತ್ತದೆ.

ದೇಹಕ್ಕೆ ತಂಪು, ಉರಿಮೂತ್ರಕ್ಕೆ ಒಳ್ಳೆಯದು ಎಂದು ಹಿಂದಿನಿಂದ ಕುಡಿಯುತ್ತಾರೆ. ಸೆಕೆಗಾಲದಲ್ಲಿ ಹಿತವೆನ್ನುವುದು ನಿಜ. ಆದರೆ ಉರಿಯ ಜೊತೆ ಜ್ವರವೋ ರಕ್ತವೋ ಕಂಡರೆ ಡಾಕ್ಟರ ಹತ್ತಿರ ಹೋಗಬೇಕು, ಚಹಾದಿಂದ ವಾಸಿಯಾಗುವುದಲ್ಲ. ಮೂತ್ರ ಹೆಚ್ಚಿಸುವ ಬೇರಾದ್ದರಿಂದ ಬಿಪಿ ಮಾತ್ರೆ ತೆಗೆದುಕೊಳ್ಳುವವರು, ಕಿಡ್ನಿ ತೊಂದರೆಯವರು ಕೇಳಿಯೇ ಕುಡಿಯಲಿ. ಬಸುರಿಯರಿಗೂ ಎಳೆಮಕ್ಕಳಿಗೂ ನಾನು ಕೊಡುವುದಿಲ್ಲ. ಉಳಿದವರಿಗೆ ದಿನಕ್ಕೊಂದು ಲೋಟ ಸಾಕು.

ಬೇರು ಕೀಳಲು ಮಳೆ ನಿಂತು ಮಣ್ಣು ಇನ್ನೂ ಮೆತ್ತಗಿರುವ ಹೊತ್ತೇ ಸರಿ, ಬೇಸಿಗೆಯಲ್ಲಿ ತುಂಡಾಗುತ್ತದೆ. ಬುಡದ ಗೆಣ್ಣನ್ನು ಒಂದಿಷ್ಟು ಬೇರಿನ ಸಮೇತ ಅಲ್ಲೇ ಬಿಟ್ಟು ಮಣ್ಣು ಮುಚ್ಚಿದರೆ ಮತ್ತೆ ಚಿಗುರುತ್ತದೆ.