ಮನೆಯಲ್ಲೇ ಟಿ-ಶರ್ಟ್ ಮೇಲೆ ಸ್ಕ್ರೀನ್ ಪ್ರಿಂಟಿಂಗ್: ಕಿಟ್ ತಂದವರು ಶುರುಮಾಡುವ ಬಗೆ

ಲಗ್ನಪತ್ರಿಕೆ, ವಿಸಿಟಿಂಗ್ ಕಾರ್ಡ್, ಬಟ್ಟೆಯ ಬ್ಯಾನರ್ ಮಾಡಿಕೊಡುವ ಸಣ್ಣ ಅಂಗಡಿಗಳಲ್ಲಿ ಸ್ಕ್ರೀನ್ ಪ್ರಿಂಟಿಂಗ್ ನಡೆಯುವುದನ್ನು ನಮ್ಮಲ್ಲಿ ಬಹಳ ಜನ ನೋಡಿರುತ್ತಾರೆ. ಸ್ಕ್ರೀನ್ ಎಂದರೆ ಚೌಕಟ್ಟಿಗೆ ಬಿಗಿದ ಪಾಲಿಯೆಸ್ಟರ್ ಬಲೆ. ಅದರ ಮೇಲೆ ಇಂಕ್ ಹಾಕಿ ಸ್ಕ್ವೀಜಿ ಎಂಬ ರಬ್ಬರ್ ಪಟ್ಟಿಯಿಂದ ಎಳೆದರೆ, ಜರಡಿಯಂತೆ ಎಲ್ಲಿ ಕಣ್ಣು ತೆರೆದಿದೆಯೋ ಅಲ್ಲಿ ಮಾತ್ರ ಇಂಕ್ ಕೆಳಗಿಳಿಯುತ್ತದೆ. ಟಿ-ಶರ್ಟ್ ಕಿಟ್ಟಿನ ತತ್ತ್ವವೂ ಇಷ್ಟೇ ಆದರೂ ಅಂಗಡಿಯವರು ಕಾಗದಕ್ಕೆ ಬಳಸಿದ ಹಳೆಯ ಸ್ಕ್ರೀನನ್ನು ಬೇಡಿ ತಂದು ಬಟ್ಟೆಗೆ ಬಳಸಲು ಹೋಗಬಾರದು. ಕಾಗದಕ್ಕೆ ಬಳಸುವ ಬಲೆ ಬಹಳ ನಯವಾಗಿದ್ದು, ಹತ್ತಿ ಬಟ್ಟೆ ಹೀರುವಷ್ಟು ಇಂಕನ್ನು ಅದು ಬಿಡುವುದಿಲ್ಲ. ಬಟ್ಟೆಗೆ ಒಂದು ಇಂಚಿಗೆ ಸುಮಾರು 110 ಎಳೆಗಳಿರುವ ಬಲೆ ಬೇಕು. ಸೆಂಟಿಮೀಟರ್ ಲೆಕ್ಕ ಹಿಡಿಯುವವರು ಇದನ್ನೇ 43 ಟಿ ಎನ್ನುತ್ತಾರೆ.

ಕಿಟ್ಟಿನಲ್ಲಿ ಎಮಲ್ಷನ್ (ಬಲೆಗೆ ಬಳಿಯುವ, ಬೆಳಕಿಗೆ ಗಟ್ಟಿಯಾಗುವ ಅಂಟು) ಡಬ್ಬಿ ಇದ್ದರೂ ಮೊದಲ ದಿನ ಅದನ್ನು ತೆರೆಯದೆ, ಕಾಗದದ ಸ್ಟೆನ್ಸಿಲ್‌ನಿಂದ ಕೈ ಪಳಗಿಸಿಕೊಳ್ಳುವುದು ಒಳ್ಳೆಯದು. ತೆಳುವಾದ ಬಟರ್ ಪೇಪರ್ ಮೇಲೆ ದಪ್ಪ ಗೆರೆಯ ಒಂದೇ ಅಕ್ಷರ ಬರೆದು, ಇಂಕ್ ಬೀಳಬೇಕಾದ ಭಾಗವನ್ನು ಕತ್ತರಿಸಿ ತೆಗೆಯಬೇಕು. ಕನ್ನಡದ ದುಂಡು ಅಕ್ಷರಗಳು ಇಲ್ಲಿ ಸ್ವಲ್ಪ ಆಟವಾಡಿಸುತ್ತವೆ: 'ರ' ಕತ್ತರಿಸಿದರೆ ಒಳಗಿನ ಬಿಲ್ಲೆ ಉದುರಿ ಬೀಳುತ್ತದೆ. ಉದುರಿದ ಬಿಲ್ಲೆಯನ್ನು ಬಟ್ಟೆಯ ಮೇಲೆ ಅದರ ಜಾಗದಲ್ಲೇ ಇಟ್ಟು ಸ್ಕ್ರೀನನ್ನು ಮೇಲೆ ಇಳಿಸಿ ಒಮ್ಮೆ ಎಳೆದರೆ, ಹಸಿ ಇಂಕಿನ ಅಂಟಿಗೆ ಕಾಗದವೂ ಬಿಲ್ಲೆಯೂ ಬಲೆಗೆ ಅಂಟಿಕೊಂಡು ಮುಂದಿನ ಅಚ್ಚುಗಳಿಗೂ ಅಲ್ಲೇ ನಿಲ್ಲುತ್ತವೆ. ಕಾಗದ ನೆನೆದು ಸುಕ್ಕಾಗುವವರೆಗೆ ಕೆಲವು ಅಂಗಿಗಳಾದರೂ ಬರುತ್ತವೆ, ಅಷ್ಟರಲ್ಲಿ ಸ್ಕ್ವೀಜಿಯ ಹದ ಕೈಗೆ ಸಿಕ್ಕಿರುತ್ತದೆ.

ಹೊಸಬರ ಕೆಲಸ ಕೆಡುವುದು ಬಹುಪಾಲು ಎಮಲ್ಷನ್ ಹಂತದಲ್ಲಿ. ಬೆಳಕು ಬಿದ್ದಲ್ಲಿ ಗಟ್ಟಿಯಾಗಿ, ಬೀಳದಲ್ಲಿ ನೀರಿಗೆ ಕರಗಿಹೋಗುವ ಅಂಟು ಇದು. ಕೆಲವು ಅಂಗಡಿಗಳಲ್ಲಿ, ಬೆಳಕಿಗೆ ಗಟ್ಟಿಯಾಗುವ ಗುಣ ಬರಲೆಂದು ಇದಕ್ಕೆ ಬೆರೆಸಲು ಅಮೋನಿಯಂ ಬೈಕ್ರೋಮೇಟ್ ಎಂಬ ಕಿತ್ತಳೆ ಬಣ್ಣದ ಹರಳನ್ನು ಅಗ್ಗದ ಬೆಲೆಗೆ ಕೊಡುತ್ತಾರೆ. ಅದು ಕ್ಯಾನ್ಸರ್ ತರಬಲ್ಲ ಕ್ರೋಮಿಯಂ ಸಂಯುಕ್ತವಾದ್ದರಿಂದ ಮನೆಯೊಳಗೆ ತರಲೇಬಾರದು. ಅದರ ಬದಲಿಗೆ ಡಯಾಜೋ ಎಂಬ ಬೇರೆ ರಾಸಾಯನಿಕ ಬೆರೆಸುವ ಬಗೆಯ ಅಥವಾ ಬೆರೆಸುವ ಗೋಜಿಲ್ಲದ ಸಿದ್ಧ ಎಮಲ್ಷನ್ ಇರುವ ಕಿಟ್ಟನ್ನೇ ಕೊಳ್ಳಬೇಕು. ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿದ ಬಲೆಯ ಎರಡೂ ಮುಖಗಳಿಗೆ, ಬಿಸಿಲು ತಾಗದ ಕೋಣೆಯಲ್ಲಿ ಮಂದವಾದ ಹಳದಿ ದೀಪದ ಬೆಳಕಿನಲ್ಲಿ, ಕೆಳಗಿನಿಂದ ಮೇಲಕ್ಕೆ ಒಂದೇ ಎಳೆತದಲ್ಲಿ ತೆಳುವಾಗಿ ಬಳಿಯಬೇಕು. ಬಳಿದ ಸ್ಕ್ರೀನನ್ನು ಬಟ್ಟೆಗೆ ತಾಗುವ ಮುಖ ಕೆಳಗಾಗುವಂತೆ ಮಲಗಿಸಿ ಕತ್ತಲಲ್ಲಿ ಒಣಗಿಸಬೇಕು. ಮುಟ್ಟಿದರೆ ಒಣಗಿದಂತೆ ಕಂಡರೂ ಒಳಗೆ ಹಸಿ ಉಳಿದಿದ್ದರೆ ತೊಳೆಯುವಾಗ ಪೂರ್ತಿ ಕಿತ್ತುಬರುತ್ತದೆ, ಮಲೆನಾಡಿನ ಅಥವಾ ಕರಾವಳಿಯ ಮಳೆಗಾಲದಲ್ಲಂತೂ ಫ್ಯಾನ್ ಹಾಕಿ ಒಂದು ರಾತ್ರಿ ಬಿಡುವುದೇ ಕ್ಷೇಮ.

ವಿನ್ಯಾಸವನ್ನು ಜೆರಾಕ್ಸ್ ಅಂಗಡಿಯಲ್ಲಿ ಓಎಚ್‌ಪಿ ಎಂಬ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮೇಲೆ ಕಡುಗಪ್ಪಾಗಿ ತೆಗೆಸಬೇಕು. ಹಾಳೆಯನ್ನು ದೀಪಕ್ಕೆ ಹಿಡಿದಾಗ ಕಪ್ಪಿನಲ್ಲಿ ಬೆಳಕು ತೂರಿ ಬಂದರೆ ಎರಡು ಪ್ರತಿಗಳನ್ನು ಒಂದರ ಮೇಲೊಂದು ಕೂಡಿಸಿ ಅಂಟಿಸಬೇಕು. ತೀರ ಸಣ್ಣ ಅಕ್ಷರ ಬೇಡ, ಏಕೆಂದರೆ 110ರ ಬಲೆಯಲ್ಲಿ ಒತ್ತಕ್ಷರಗಳ ಒಳಗಿನ ಸಂದು ಮೊದಲು ಮುಚ್ಚಿಹೋಗುತ್ತದೆ. ಹಾಳೆಯ ಮಸಿ ಇರುವ ಮೈ ಎಮಲ್ಷನ್‌ಗೆ ಅಂಟಿಕೊಂಡಂತೆ, ಬಟ್ಟೆಗೆ ತಾಗುವ ಮುಖದಿಂದ ನೋಡಿದಾಗ ಅಕ್ಷರ ತಿರುಗುಮುರುಗಾಗಿ ಕಾಣುವಂತೆ ಇಟ್ಟು, ಮೇಲೆ ಗಾಜನ್ನೂ ಕೆಳಗೆ ಕಪ್ಪು ಬಟ್ಟೆ ಹೊದಿಸಿದ ಸ್ಪಂಜನ್ನೂ ಇಟ್ಟು ಒತ್ತಿ ಹಿಡಿಯುವಂತೆ ಮಾಡಬೇಕು. ಗಾಜಿನ ಮೇಲಿನಿಂದ ಎಷ್ಟು ಹೊತ್ತು ಬೆಳಕು ಕೊಡಬೇಕೆಂಬುದಕ್ಕೆ ಕಿಟ್ಟಿನ ಕಾಗದದಲ್ಲಿರುವ ಲೆಕ್ಕ ಅಂದಾಜು ಮಾತ್ರ. ಸ್ಕ್ರೀನಿನ ಒಂದು ಮೂಲೆಯನ್ನು ರಟ್ಟಿನಿಂದ ಮುಚ್ಚಿ, ಪ್ರತಿ ನಿಮಿಷಕ್ಕೆ ಒಂದು ಬೆರಳಿನಷ್ಟು ಸರಿಸುತ್ತ ಹೋದರೆ, ತೊಳೆದಾಗ ಯಾವ ಪಟ್ಟಿ ಸರಿಯೆಂದು ಕಣ್ಣಿಗೇ ಕಾಣುತ್ತದೆ. ಬೆಳಕು ಕಡಿಮೆಯಾದ ಪಟ್ಟಿ ಲೋಳೆಯಾಗಿ ಕಿತ್ತುಹೋಗುತ್ತದೆ, ಹೆಚ್ಚಾದದ್ದರಲ್ಲಿ ಎಷ್ಟು ನೀರು ಹಾಯಿಸಿದರೂ ಅಕ್ಷರ ತೆರೆಯುವುದಿಲ್ಲ. ತೊಳೆಯುವಾಗ ಮೊದಲು ಎರಡೂ ಮುಖಗಳನ್ನು ನೆನೆಸಿ ಒಂದೆರಡು ನಿಮಿಷ ಬಿಟ್ಟು, ಬಳಿಕ ಹದವಾದ ಒತ್ತಡದ ನೀರು ಹಾಯಿಸಬೇಕು. ಅವಸರಕ್ಕೆ ಉಗುರು ಹಾಕಿದರೆ ಅಂಚು ಹರಿಯುತ್ತದೆ.

ಅಂಗಿ ನೂರಕ್ಕೆ ನೂರು ಹತ್ತಿಯದಾಗಿದ್ದು, ಒಮ್ಮೆ ಒಗೆದು ಗಂಜಿ ಬಿಡಿಸಿದ್ದಾಗಿರಬೇಕು. ಬೆನ್ನಿನ ಭಾಗಕ್ಕೆ ಇಂಕ್ ಇಳಿಯದಂತೆ ಒಳಗೆ ದಪ್ಪ ರಟ್ಟು ತೂರಿಸಿ, ಸುಕ್ಕಿಲ್ಲದಂತೆ ಹರವಿ, ಚೌಕಟ್ಟಿನ ನಾಲ್ಕು ಮೂಲೆಗಳ ಕೆಳಗೆ ಒಂದೊಂದು ನಾಣ್ಯ ಇಡಬೇಕು. ಬಲೆ ಬಟ್ಟೆಯಿಂದ ಎರಡು ಮೂರು ಮಿಲಿಮೀಟರ್ ಮೇಲಿದ್ದರೆ ಸ್ಕ್ವೀಜಿ ದಾಟಿದ ಕೂಡಲೇ ಅದು ತಾನಾಗಿ ಮೇಲೇಳುತ್ತದೆ, ಅಂಚು ಹರಡುವುದಿಲ್ಲ. ಮೊದಲು ಸ್ಕ್ರೀನನ್ನು ಸ್ವಲ್ಪ ಎತ್ತಿ ಹಿಡಿದು ಹಗುರಾಗಿ ಎಳೆದು ಕಣ್ಣುಗಳಲ್ಲಿ ಇಂಕ್ ತುಂಬಿಕೊಳ್ಳಬೇಕು. ಬಳಿಕ ಕೆಳಗಿಳಿಸಿ, ಸ್ಕ್ವೀಜಿಯನ್ನು ತುಸು ಓರೆಯಾಗಿ ಹಿಡಿದು, ಎರಡೂ ಕೈಗಳ ಒತ್ತಡ ಒಂದೇ ಸಮನಾಗಿರುವಂತೆ ಎಲ್ಲಿಯೂ ನಿಲ್ಲಿಸದೆ ಎಳೆಯಬೇಕು. ಸ್ಕ್ವೀಜಿಯನ್ನು ಒಬ್ಬರೇ ಎಳೆಯುವುದಾದರೂ ಚೌಕಟ್ಟು ಅಲುಗದಂತೆ ಹಿಡಿಯಲು ಮನೆಯ ಇನ್ನೊಬ್ಬರನ್ನು ಕರೆದುಕೊಳ್ಳುವುದು ವಾಸಿ. ಅಚ್ಚು ಮಸುಕಾಗಿದೆಯೆಂದು ಸ್ಕ್ರೀನ್ ಎತ್ತಿ ಮತ್ತೆ ಇಳಿಸಿದರೆ ಜೋಡಿ ಗೆರೆ ಬೀಳುವುದರಿಂದ, ಎರಡನೆಯ ಬಾರಿ ಎಳೆಯುವುದಿದ್ದರೆ ಎತ್ತುವ ಮೊದಲೇ ಎಳೆಯಬೇಕು.

ಬಣ್ಣದ ವಿಷಯದಲ್ಲಿ ನಾನೇ ಪಾಠ ಕಲಿತದ್ದು ರಾಜ್ಯೋತ್ಸವಕ್ಕೆಂದು ಕೆಂಪು ಅಂಗಿಗಳ ಮೇಲೆ ಹಳದಿಯಲ್ಲಿ ಅಚ್ಚು ಹಾಕಲು ಹೊರಟಾಗ. ಕಿಟ್ಟಿನ ನೀರಿನ ಇಂಕ್ ಪಾರದರ್ಶಕವಾದದ್ದು. ಹಸಿಯಾಗಿದ್ದಾಗ ಬಂಗಾರದಂತೆ ಕಂಡ ಹಳದಿ ಒಣಗಿದ ಮೇಲೆ ಕೆಂಪಿನಲ್ಲಿ ಮುಳುಗಿ ಇಟ್ಟಿಗೆ ಬಣ್ಣದ ಕಲೆಯಂತಾಯಿತು. ಅದೇ ಸ್ಕ್ರೀನನ್ನು ಹಳದಿ ಅಂಗಿಯ ಮೇಲಿಟ್ಟು ಕೆಂಪು ಎಳೆದಾಗ ಅಕ್ಷರ ಎದ್ದು ನಿಂತಿತು. ಕಡುಬಣ್ಣದ ಬಟ್ಟೆಯೇ ಬೇಕೆನ್ನುವವರು ಡಬ್ಬಿಯ ಮೇಲೆ ಒಪೇಕ್, ಅಂದರೆ ತಳದ ಬಣ್ಣ ಕಾಣಗೊಡದ್ದು, ಎಂದಿರುವ ಇಂಕನ್ನು ಬೇರೆಯಾಗಿ ಕೊಳ್ಳಬೇಕು. ಕಾರ್ಖಾನೆಗಳು ಬಳಸುವ ಪ್ಲಾಸ್ಟಿಸಾಲ್ ಇಂಕ್ ಗಟ್ಟಿಯಾಗಲು ಸುಮಾರು 160 ಡಿಗ್ರಿ ಸೆಲ್ಸಿಯಸ್ ಶಾಖ ಪದರದ ತಳದವರೆಗೆ ಮುಟ್ಟಬೇಕಾದ್ದರಿಂದ, ಇಸ್ತ್ರಿಪೆಟ್ಟಿಗೆಯನ್ನೇ ನಂಬಿದ ಮನೆಕೆಲಸಕ್ಕೆ ಅದು ಸಲ್ಲದು.

ನೀರಿನ ಇಂಕನ್ನು ಪೂರ್ತಿ ಒಣಗಿಸಿದ ಮೇಲೆ, ತೆಳು ಹತ್ತಿ ಬಟ್ಟೆ ಹೊದಿಸಿ, ಹಬೆಯಿಲ್ಲದೆ, ಹತ್ತಿಗೆ ಹೊಂದುವ ಶಾಖದಲ್ಲಿ ಒಂದೇ ಕಡೆ ಸುಡದಂತೆ ಆಡಿಸುತ್ತ ಮೂರರಿಂದ ಐದು ನಿಮಿಷ ಇಸ್ತ್ರಿ ಮಾಡಿ, ಅಂಗಿಯನ್ನು ತಿರುಗಿಸಿ ಒಳಗಿನಿಂದಲೂ ಹಾಗೆಯೇ ಮಾಡಬೇಕು. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿದಾಗ ಬಣ್ಣ ಹತ್ತಿದರೆ ಶಾಖ ಸಾಲದು ಎಂದರ್ಥ.

ಸ್ಕ್ರೀನನ್ನು ಮಾತ್ರ ಇಸ್ತ್ರಿಗೆ ಮೊದಲೇ, ಕೊನೆಯ ಅಂಗಿ ಎತ್ತಿದ ಕೂಡಲೇ ತೊಳೆಯಬೇಕು. ಕಾಫಿ ಕುಡಿದು ಬರುವಷ್ಟರಲ್ಲಿ ಕಣ್ಣುಗಳಲ್ಲಿ ಒಣಗಿದ ಇಂಕ್ ಮತ್ತೆ ಬಿಡುವುದು ಕಷ್ಟ. ಅದೇ ವಿನ್ಯಾಸ ಇನ್ನು ಬೇಡವೆಂದಾದರೆ ಎಮಲ್ಷನ್ ರಿಮೂವರ್ ಹಚ್ಚಿ, ಕೈಗವಸು ತೊಟ್ಟು ಬ್ರಷ್‌ನಿಂದ ಉಜ್ಜಿ ತೊಳೆಯಬಹುದು. ಬಲೆಯ ಮೇಲೆ ಹಳೆಯ ಅಕ್ಷರದ ನಸು ನೆರಳು ಉಳಿದಿದ್ದರೂ, ಬೆಳಕಿಗೆ ಹಿಡಿದಾಗ ಕಣ್ಣುಗಳು ತೆರೆದು ಕಂಡರೆ, ಮತ್ತೆ ಎಮಲ್ಷನ್ ಬಳಿಯಲು ಅಡ್ಡಿಯಿಲ್ಲ.