ಬೆಲ್ಟ್ ತೊಟ್ಟರೆ ಸಾಲದು, ಹುಕ್ ಎಲ್ಲಿ ಹಾಕಿದ್ದೀರಿ?

ಎತ್ತರದ ಕೆಲಸಕ್ಕೆ ಹತ್ತುವವರ ಮೈಮೇಲೆ ಈಗ ಸೇಫ್ಟಿ ಬೆಲ್ಟ್ ಇದ್ದೇ ಇರುತ್ತದೆ. ಆದರೆ ಹತ್ತಿರ ಹೋಗಿ ನೋಡಿ. ಹುಕ್ ಸೊಂಟದಲ್ಲೇ ನೇತಾಡುತ್ತಿರುತ್ತದೆ, ಇಲ್ಲವೇ ಕಾಲ ಬಳಿಯ ಪೈಪಿಗೆ ಸಿಕ್ಕಿಸಿರುತ್ತಾರೆ. ಎಷ್ಟೋ ಸಲ ನಾನೇ ಮೇಲೆ ಹತ್ತಿ, ಹುಕ್ ಬಿಡಿಸಿ ಬೇರೆ ಕಡೆ ಹಾಕಿಸಿದ್ದೇನೆ.

ಅಂಚಿಗೆ ಗಟ್ಟಿ ಕಂಬಿ ಕಟ್ಟಲು ಆಗುವ ಕಡೆ ಮೊದಲು ಅದನ್ನೇ ಕಟ್ಟಿಸಿ. ಬೆಲ್ಟ್ ಬೀಳುವುದನ್ನು ತಪ್ಪಿಸುವುದಿಲ್ಲ, ಬಿದ್ದವರನ್ನು ಹಿಡಿಯುತ್ತದೆ ಅಷ್ಟೆ.

ಹೆಜ್ಜೆ 1: ಭುಜ, ಎದೆ, ತೊಡೆ ಮೂರನ್ನೂ ಹಿಡಿಯುವ ಫುಲ್ ಬಾಡಿ ಹಾರ್ನೆಸ್ ತನ್ನಿ. ಬರೀ ಸೊಂಟದ ಬೆಲ್ಟ್ ಬೇಡವೇ ಬೇಡ. ಬಿದ್ದಾಗ ಪೂರ್ತಿ ಜಗ್ಗು ಹೊಟ್ಟೆ, ಬೆನ್ನುಮೂಳೆಯ ಮೇಲೆ ಬೀಳುತ್ತದೆ. ಹಾರ್ನೆಸ್‌ನಿಂದ ಹುಕ್‌ವರೆಗಿನ ಹಗ್ಗದ ಜೊತೆ ಶಾಕ್ ಅಬ್ಸಾರ್ಬರ್ (ಬಿದ್ದಾಗ ಬಿಚ್ಚಿಕೊಂಡು ಜಗ್ಗು ತಗ್ಗಿಸುವ ಮಡಿಸಿದ ಪಟ್ಟಿ) ಇಲ್ಲದ ಅಗ್ಗದ ಸೆಟ್‌ಗಳೂ ಸಿಗುತ್ತವೆ. ಅವನ್ನು ಮುಟ್ಟಬೇಡಿ.

ಹೆಜ್ಜೆ 2: ದಿನಾ ಬೆಳಗ್ಗೆ ಪಟ್ಟಿಯನ್ನು ಬೆರಳಲ್ಲಿ ಬಗ್ಗಿಸಿ ನೋಡಿ. ಹಾಗೆ ಬಗ್ಗಿಸಿದಾಗ ಸಣ್ಣ ಸೀಳೂ ಬಾಯಿ ಬಿಡುತ್ತದೆ. ವೆಲ್ಡಿಂಗ್ ಕಿಡಿಯ ತೂತು, ಬಿಚ್ಚಿದ ಹೊಲಿಗೆ ಕಂಡರೆ, ಅಥವಾ ಒಂದು ಸಲ ಯಾರನ್ನಾದರೂ ಹಿಡಿದಿದ್ದರೆ, ಅಲ್ಲೇ ಕತ್ತರಿಸಿ ಎಸೆಯಿರಿ. ಸುಮ್ನೆ ಮೂಲೆಗೆ ಇಟ್ಟರೆ ನಾಳೆ ಇನ್ಯಾರೋ ತೊಡುತ್ತಾರೆ.

ಹೆಜ್ಜೆ 3: ಹಗ್ಗ ಸಿಕ್ಕಿಸುವ ಬೆನ್ನಿನ ಡಿ-ರಿಂಗ್ ಎರಡು ಹೆಗಲೆಲುಬುಗಳ ನಡುವೆ ಬರಲಿ. ತೊಡೆಪಟ್ಟಿಯೊಳಗೆ ಅಂಗೈ ತೂರಬೇಕು, ಮುಷ್ಟಿ ತೂರಬಾರದು.

ಹೆಜ್ಜೆ 4: ಹುಕ್ ಹಾಕುವುದು. ಎಡವುವುದೆಲ್ಲ ಇಲ್ಲೇ.

ಹುಕ್ ಯಾವಾಗಲೂ ತಲೆಗಿಂತ ಮೇಲಿರಲಿ. ಲೆಕ್ಕ ಹಾಕಿ ನೋಡೋಣ. ಹಗ್ಗ ಸಾಮಾನ್ಯವಾಗಿ 1.8 ಮೀಟರ್. ಬೆನ್ನಿನ ರಿಂಗ್ ಪಾದದಿಂದ ಸುಮಾರು 1.5 ಮೀಟರ್ ಮೇಲಿರುತ್ತದೆ. ಹುಕ್ ಪಾದದ ಮಟ್ಟದಲ್ಲಿದ್ದರೆ, ಹಗ್ಗ ಬಿಗಿಯಾಗುವ ಹೊತ್ತಿಗೆ ಮನುಷ್ಯ 3.3 ಮೀಟರ್ ಬಿದ್ದಾಗಿರುತ್ತದೆ. ತಲೆಯ ಮೇಲಿದ್ದರೆ 1.8 ಮೀಟರ್‌ಗಿಂತಲೂ ಕಡಿಮೆ. ಜಗ್ಗು ಎಷ್ಟು ಕಡಿಮೆ ಆಗುತ್ತದೆ, ಅಲ್ವಾ?

ಕೆಳಗಿನ ಜಾಗವನ್ನೂ ಲೆಕ್ಕ ಹಾಕಿ. ಹಗ್ಗ 1.8, ಶಾಕ್ ಅಬ್ಸಾರ್ಬರ್ ಬಿಚ್ಚಿಕೊಳ್ಳಲು ಸುಮಾರು 1.1, ರಿಂಗ್‌ನಿಂದ ಪಾದಕ್ಕೆ 1.5, ಜೊತೆಗೆ 1 ಮೀಟರ್ ಹೆಚ್ಚುವರಿ. ಹುಕ್ ಇರುವ ಜಾಗದಿಂದ ನೆಲಕ್ಕೆ 5.4 ಮೀಟರ್ ಬೇಕು. ಅಬ್ಸಾರ್ಬರ್ ಎಷ್ಟು ಉದ್ದ ಬಿಚ್ಚುತ್ತದೆ ಎಂದು ಅದರ ಲೇಬಲ್ ಮೇಲೆ ಇರುತ್ತದೆ, ಅದನ್ನೇ ಹಿಡಿಯಿರಿ. ಜಾಗ ಸಾಲದಿದ್ದರೆ ಗಿಡ್ಡ ಹಗ್ಗ ಅಥವಾ ಹಗ್ಗವನ್ನು ತಾನಾಗಿ ಒಳಗೆ ಸುತ್ತಿಕೊಂಡು, ಬಿದ್ದ ಕೂಡಲೇ ಬಿಗಿ ಹಿಡಿಯುವ ಬ್ಲಾಕ್ ಬಳಸಿ. ಹಗ್ಗಕ್ಕೆ ಗಂಟು ಹಾಕಿ ಗಿಡ್ಡ ಮಾಡುವವರಿದ್ದಾರೆ. ದಯವಿಟ್ಟು ಬೇಡ, ಗಂಟು ಬಿದ್ದ ಕಡೆ ಹಗ್ಗದ ಬಲ ಕುಗ್ಗುತ್ತದೆ.

ಇನ್ನು, ಹುಕ್ ಯಾವುದಕ್ಕೆ? ನೀರಿನ ಪೈಪು, ಕೇಬಲ್ ಟ್ರೇ, ಸೆಂಟ್ರಿಂಗ್ ಪ್ರಾಪ್ (ಕಾಂಕ್ರೀಟ್ ಅಚ್ಚಿಗೆ ಕೊಡುವ ಊರುಗಂಬ), ತಂತಿ ಕಟ್ಟಿದ ಒಂಟಿ ಸರಳು ಯಾವುದೂ ಆಗದು. ಬೀಳುವ ಮನುಷ್ಯನ ಜಗ್ಗು ಅವನ ತೂಕಕ್ಕಿಂತ ಹಲವು ಪಟ್ಟು ಜಾಸ್ತಿ. ಗಟ್ಟಿ ಬೀಮ್, ಕಾಲಂ ಅಥವಾ ಎಂಜಿನಿಯರ್ ಒಪ್ಪಿದ ಲೈಫ್‌ಲೈನ್ (ಹುಕ್ ಹಾಕಲೆಂದೇ ಬಿಗಿದ ಹಗ್ಗ ಅಥವಾ ತಂತಿ) ಬೇಕು. ಅದೂ ತಲೆಯ ನೇರ ಮೇಲಕ್ಕೆ ಇರಲಿ. ಪಕ್ಕಕ್ಕೆ ದೂರವಿದ್ದರೆ ಬಿದ್ದವರು ಉಯ್ಯಾಲೆಯಂತೆ ತೂಗಿ ಹೋಗಿ ಗೋಡೆಗೆ ಬಡಿಯುತ್ತಾರೆ.

ಜಾಗ ಬದಲಿಸುವಾಗ? ಎರಡು ಹುಕ್‌ಗಳ ಹಗ್ಗವೇ ಇರಲಿ. ಒಂದನ್ನು ಮುಂದೆ ಹಾಕಿ, ಕ್ಲಿಕ್ ಸದ್ದು ಕೇಳಿ, ಒಮ್ಮೆ ಎಳೆದು ನೋಡಿದ ಮೇಲೆ ಇನ್ನೊಂದನ್ನು ಬಿಚ್ಚಿ.

ಹೆಜ್ಜೆ 5: ಬಿದ್ದು ನೇತಾಡುವವರನ್ನು ಇಳಿಸುವುದು ಹೇಗೆ ಅಂತ ಕೆಲಸ ಶುರುವಾಗುವ ಮೊದಲೇ ತೀರ್ಮಾನಿಸಿ. ಅಲುಗಾಡದೆ ನೇತಾಡಿದರೆ ರಕ್ತ ಕಾಲಲ್ಲೇ ನಿಂತು ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದು. ಇಳಿಸುವ ತನಕ ಕಾಲು ಆಡಿಸುತ್ತಿರಲು ಕೂಗಿ ಹೇಳಿ. ಏಣಿ, ಹಗ್ಗ, ರಾಟೆ ಅದೇ ಮಹಡಿಯಲ್ಲಿ ಇರಲಿ. ಗೋಡೌನಿಗೆ ಬೀಗ ಹಾಕಿ ಇಟ್ಟರೆ ಆ ಹೊತ್ತಿಗೆ ಕೀ ಹುಡುಕಬೇಕಾಗುತ್ತದೆ.