ಸಿಡ್ನಿಯಿಂದ ಮೆಲ್ಬರ್ನ್‌ಗೆ ಕಡಲ ದಾರಿ: ಸದ್ದುಗದ್ದಲವಿಲ್ಲದ ಕ್ಯಾಂಪಿಂಗ್ ತಾಣಗಳನ್ನು ಹುಡುಕುವ ಬಗೆ

ಸಿಡ್ನಿಯಿಂದ ಮೆಲ್ಬರ್ನ್‌ಗೆ ಕಾರಿನಲ್ಲಿ ಹೊರಡುವವರಲ್ಲಿ ಬಹುಪಾಲು ಜನ ಒಳನಾಡಿನ ಹ್ಯೂಮ್ ಹೆದ್ದಾರಿಯನ್ನು ಹಿಡಿದು ಒಂದೇ ದಿನದಲ್ಲಿ ಪ್ರಯಾಣ ಮುಗಿಸುತ್ತಾರೆ. ಕರಾವಳಿಯನ್ನು ಅನುಸರಿಸುವ ಪ್ರಿನ್ಸಸ್ ಹೆದ್ದಾರಿ ಅದಕ್ಕಿಂತ ಉದ್ದ. 1000 ಕಿ.ಮೀ.ಗೂ ಮಿಕ್ಕಿದ ಈ ದಾರಿಯಲ್ಲಿ ಒಂದು ಮಗ್ಗುಲಿಗೆ ಸಮುದ್ರವೂ ಇನ್ನೊಂದು ಮಗ್ಗುಲಿಗೆ ನೀಲಗಿರಿ ಮರಗಳ ಕಾಡೂ ಬಹುದೂರ ಜೊತೆಗೆ ಬರುತ್ತವೆ. ಕೋಲಾರ, ಚಿಕ್ಕಬಳ್ಳಾಪುರಗಳ ಕಡೆ ನೆಡುತೋಪಾಗಿ ಮಾತ್ರ ಕಂಡಿದ್ದ ನೀಲಗಿರಿಯನ್ನು ಅದರ ತವರಿನಲ್ಲಿ, ಹತ್ತಾರು ಜಾತಿಗಳಾಗಿ, ಅಲೆಯ ಅಂಚಿನವರೆಗೂ ಇಳಿದು ಬಂದಿರುವ ಕಾಡಾಗಿ ನೋಡುವುದೇ ಒಂದು ದೊಡ್ಡ ಸಂತೋಷ. ಆದರೆ ಈ ದಾರಿಯಲ್ಲಿ ರಾತ್ರಿ ತಂಗಲು ನೆಮ್ಮದಿಯ ಜಾಗ ಬೇಕೆಂದರೆ, ಯಾರಿಗೂ ತಿಳಿಯದ ಗುಟ್ಟಿನ ಕಡಲತೀರವನ್ನು ಅರಸುತ್ತ ಅಲೆಯಬೇಕಾಗಿಲ್ಲ. ಎಲ್ಲರ ನಕ್ಷೆಯಲ್ಲಿಯೂ ಇರುವ ತಾಣಗಳಲ್ಲಿಯೇ ಯಾವುದು ಯಾವ ದಿನ ಬರಿದಾಗಿರುತ್ತದೆ, ಯಾವುದು ಯಾಕೆ ತುಂಬುತ್ತದೆ ಎಂಬುದನ್ನು ಮುಂಚಿತವಾಗಿ ಓದಿಕೊಂಡರೆ ಸಾಕು.

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಪಂಚಾಂಗವನ್ನು. ಡಿಸೆಂಬರ್ ನಡುವಿನಿಂದ ಜನವರಿ ಕೊನೆಯವರೆಗೆ ಶಾಲೆಗಳಿಗೆ ಬೇಸಿಗೆ ರಜೆ. ಆ ಅವಧಿಯಲ್ಲಿ ಈ ಕರಾವಳಿಯಲ್ಲಿ ನಿಶ್ಶಬ್ದವಾದ ಸಮುದ್ರತೀರದ ತಾಣ ಸಿಗುತ್ತದೆಂದು ನಂಬಿ ಹೊರಡಬಾರದು. ಈಸ್ಟರ್ ವಾರವೂ ಹಾಗೆಯೇ. ಇವುಗಳ ಜೊತೆಗೆ ಮೂರು ಸರ್ಕಾರಗಳ ರಜೆಗಳನ್ನು ಬೇರೆಬೇರೆಯಾಗಿ ನೋಡಿಕೊಳ್ಳಬೇಕು, ಏಕೆಂದರೆ ನ್ಯೂ ಸೌತ್ ವೇಲ್ಸ್, ವಿಕ್ಟೋರಿಯಾ ಮತ್ತು ರಾಜಧಾನಿ ಕ್ಯಾನ್‌ಬೆರಾದ ಪ್ರದೇಶಗಳ ರಜಾದಿನಗಳು ಒಂದೇ ಅಲ್ಲ. ಸಿಡ್ನಿಯವರು ಮರೆಯುವ ಸಂಗತಿಯೆಂದರೆ, ಬೇಟ್‌ಮನ್ಸ್ ಬೇ ಸುತ್ತಮುತ್ತಲ ಕಡಲತೀರ ಕ್ಯಾನ್‌ಬೆರಾದಿಂದ ಸುಮಾರು 150 ಕಿ.ಮೀ. ಮಾತ್ರ, ಸಿಡ್ನಿಯಿಂದ ಅದಕ್ಕೆ ಹೆಚ್ಚುಕಡಿಮೆ ಎರಡರಷ್ಟು ದೂರ. ಮಾರ್ಚ್ ತಿಂಗಳ ಎರಡನೆಯ ಸೋಮವಾರ ಕ್ಯಾನ್‌ಬೆರಾಕ್ಕೂ ವಿಕ್ಟೋರಿಯಾಕ್ಕೂ ರಜೆ, ಸಿಡ್ನಿಗೆ ಇಲ್ಲ. ಆ ವಾರಾಂತ್ಯದಲ್ಲಿ ಸಿಡ್ನಿಯ ಕುಟುಂಬವೊಂದು ಖಾಲಿ ತೀರವನ್ನು ನಿರೀಕ್ಷಿಸಿ ಬಂದರೆ ನಿರಾಶೆ ಖಂಡಿತ. ನನ್ನ ಮಟ್ಟಿಗೆ ಅತ್ಯುತ್ತಮ ಕಾಲವೆಂದರೆ ಶಾಲೆಗಳು ಮತ್ತೆ ತೆರೆದ ನಂತರದ ಫೆಬ್ರವರಿ ಮತ್ತು ಆ ಒಂದು ವಾರಾಂತ್ಯವನ್ನು ಬಿಟ್ಟ ಮಾರ್ಚ್. ಸಮುದ್ರದ ನೀರು ವರ್ಷದಲ್ಲೇ ಹೆಚ್ಚು ಬೆಚ್ಚಗಿರುವುದು ಆಗಲೇ. ಭಾನುವಾರ ಮಧ್ಯಾಹ್ನ ತಾಣಕ್ಕೆ ಬಂದು ಗುರುವಾರ ಅಲ್ಲಿಂದ ಎದ್ದರೆ ಜನವರಿಯಲ್ಲಿ ಕಿಕ್ಕಿರಿದಿದ್ದ ಅದೇ ಜಾಗ ನಿಮ್ಮದೇ ಎನ್ನುವಷ್ಟು ತೆರವಾಗಿರುತ್ತದೆ. ಶುಕ್ರವಾರ, ಶನಿವಾರಗಳ ರಾತ್ರಿಗಳನ್ನು ಒಳನಾಡಿನ ಕಾಡಿಗೆ ಮೀಸಲಿಡುವುದು ಜಾಣತನ.

ಇನ್ನು ತಾಣವನ್ನು ಆರಿಸುವ ಬಗೆ. ರಾಷ್ಟ್ರೀಯ ಉದ್ಯಾನಗಳ ಜಾಲತಾಣದಲ್ಲಿ ಪ್ರತಿ ತಾಣದ ವಿವರವೂ ಇರುತ್ತದೆ. ಜನರು ಅಲ್ಲಿನ ಚಿತ್ರಗಳನ್ನು ನೋಡುತ್ತಾರೆಯೇ ಹೊರತು ಸೌಲಭ್ಯಗಳ ಪಟ್ಟಿಯನ್ನು ಓದುವುದಿಲ್ಲ. ಗದ್ದಲದ ಸುಳಿವು ಇರುವುದೇ ಆ ಪಟ್ಟಿಯಲ್ಲಿ. ಬಿಸಿನೀರಿನ ಸ್ನಾನ, ಕ್ಯಾರವಾನ್ (ಕಾರಿನ ಹಿಂದೆ ಎಳೆದೊಯ್ಯುವ ಗಾಲಿಮನೆ) ನಿಲ್ಲಿಸಲು ಸಮತಟ್ಟಾದ ನೆಲ, ಡಾಂಬರು ರಸ್ತೆ, ಇವು ಮೂರೂ ಇದ್ದರೆ ಜನಸಂದಣಿಯೂ ಇರುತ್ತದೆ. ಹತ್ತಿರದಲ್ಲಿ ದೋಣಿ ಇಳಿಸುವ ಜಾರುಕಟ್ಟೆ ಇದ್ದರೆ ಮೀನು ಹಿಡಿಯುವವರ ವಾಹನಗಳು ಬೆಳಕು ಹರಿಯುವ ಮೊದಲೇ ಟ್ರೇಲರ್ ಎಳೆದುಕೊಂಡು ಬರುತ್ತವೆ. ಇದಕ್ಕೆ ಬದಲಾಗಿ, ಕಾರನ್ನು ಒಂದೆಡೆ ನಿಲ್ಲಿಸಿ ಸಾಮಾನನ್ನು ಕೈಯಲ್ಲಿ ಹೊತ್ತು ನಡೆದುಹೋಗಬೇಕಾದ ಟೆಂಟಿನ ಜಾಗಗಳು ಎಂದು ಬರೆದಿದ್ದರೆ ಅದನ್ನು ಕೂಡಲೇ ಗುರುತು ಹಾಕಿಕೊಳ್ಳಿ. ಆ ನೂರಿನ್ನೂರು ಹೆಜ್ಜೆಗಳೇ ಕ್ಯಾರವಾನ್, ದೊಡ್ಡ ಸ್ಪೀಕರು, ರಾತ್ರಿಯಿಡೀ ತೆರೆದು ಮುಚ್ಚುವ ಕಾರಿನ ಬಾಗಿಲುಗಳನ್ನು ದೂರವಿಡುತ್ತವೆ. ಬರ್ಮಗುಯಿ ಮತ್ತು ಟಾತ್ರಾ ಊರುಗಳ ನಡುವಿನ ಮಿಮೋಸಾ ರಾಕ್ಸ್ ರಾಷ್ಟ್ರೀಯ ಉದ್ಯಾನದಲ್ಲಿ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ: ಗಿಲ್ಲರ್ಡ್ಸ್ ಬೀಚಿಗೆ ವಾಹನಗಳು ನೇರವಾಗಿ ಬರುವುದರಿಂದ ಅಲ್ಲಿ ಕ್ಯಾರವಾನುಗಳ ಸಾಲು ಇರುತ್ತದೆ, ಅದೇ ಉದ್ಯಾನದ ಮಿಡಲ್ ಬೀಚಿನಲ್ಲಿ ಟೆಂಟನ್ನು ಹೊತ್ತು ನಡೆಯಬೇಕಾದ್ದರಿಂದ ಅಲೆಯ ಮೊರೆತವೊಂದೇ ಕೇಳುತ್ತದೆ.

ಉತ್ತರದಿಂದ ದಕ್ಷಿಣಕ್ಕೆ ಹೋದಂತೆ ಜನ ಕಡಿಮೆಯಾಗುತ್ತಾರೆ. ಜರ್ವಿಸ್ ಬೇಯ ಬೂಡರೀ ಉದ್ಯಾನ ಬಹಳ ಸುಂದರವಾದದ್ದು. ಅದು ಕೇಂದ್ರ ಸರ್ಕಾರದ ಉದ್ಯಾನ, ರೆಕ್ ಬೇ ಆದಿವಾಸಿ ಸಮುದಾಯದೊಂದಿಗೆ ಜಂಟಿಯಾಗಿ ನಿರ್ವಹಿಸಲ್ಪಡುತ್ತದೆ, ಬುಕಿಂಗ್ ವ್ಯವಸ್ಥೆಯೂ ಬೇರೆ. ಸಿಡ್ನಿಗೆ ಹತ್ತಿರವಾದ್ದರಿಂದ ಅಲ್ಲಿ ವಾರದ ನಡುವಿನ ದಿನಗಳನ್ನೇ ನೋಡಿಕೊಳ್ಳಬೇಕು. ಅದರ ಕೆಳಗಿನ ಮುರ‍್ರಮರಾಂಗ್ ಉದ್ಯಾನದಲ್ಲಿ ಚುಕ್ಕೆಚುಕ್ಕೆಯ ತೊಗಟೆಯ ಸ್ಪಾಟೆಡ್ ಗಮ್ ಮರಗಳು ಮರಳಿನವರೆಗೂ ನಿಂತಿವೆ. ಪೆಬ್ಲಿ ಬೀಚಿನ ಹುಲ್ಲಿನ ಮೇಲೆ ಕಾಂಗರೂಗಳು ಮೇಯುತ್ತಿರುತ್ತವೆ, ಆದ್ದರಿಂದಲೇ ಹಗಲಿಡೀ ಪ್ರವಾಸಿಗರೂ ಇರುತ್ತಾರೆ. ಈಡನ್ ಊರಿನ ಉತ್ತರಕ್ಕೂ ದಕ್ಷಿಣಕ್ಕೂ ಹರಡಿರುವ ಬೇಓವಾ ಉದ್ಯಾನಕ್ಕೆ 2022ರವರೆಗೆ ಬೆನ್ ಬಾಯ್ಡ್ ಎಂಬ ಹೆಸರಿತ್ತು; ಹಳೆಯ ನಕ್ಷೆ ಬಳಸುವವರು ಇದನ್ನು ನೆನಪಿಡಬೇಕು. ಅದರ ದಕ್ಷಿಣ ಭಾಗದ ಸಾಲ್ಟ್‌ವಾಟರ್ ಕ್ರೀಕ್ ಮತ್ತು ಬಿಟ್ಟಂಗಬೀ ಬೇ ತಾಣಗಳಿಗೆ ಮಣ್ಣುರಸ್ತೆಯಲ್ಲಿ ಹೋಗಬೇಕು. ಗಡಿ ದಾಟಿದರೆ ವಿಕ್ಟೋರಿಯಾದ ಕ್ರೋಜಿಂಗೊಲಾಂಗ್ ಉದ್ಯಾನ. ಹೆದ್ದಾರಿಯಿಂದ ಬಹುದೂರ ಕಾಡಿನೊಳಗೆ ಸಾಗುವ ಮಣ್ಣುರಸ್ತೆಯ ತುದಿಯಲ್ಲಿ, ಅಳಿವೆಯ ದಂಡೆಯ ಮೇಲೆ ಇರುವ ವಿಂಗನ್ ಇನ್ಲೆಟ್ ಈ ಇಡೀ ದಾರಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ತಾಣ. ಮಳೆ ಸುರಿದಾಗ ಆ ರಸ್ತೆಗೆ ಸಣ್ಣ ಕಾರನ್ನು ಇಳಿಸಬಾರದು. ಇನ್ನೂ ಮುಂದೆ ಸೀಸ್ಪ್ರೇ ಮತ್ತು ಗೋಲ್ಡನ್ ಬೀಚ್ ನಡುವೆ, ನೈಂಟಿ ಮೈಲ್ ಬೀಚಿನ ಮರಳದಿಬ್ಬಗಳ ಹಿಂದೆ, ಹಣವನ್ನೂ ಬುಕಿಂಗನ್ನೂ ಕೇಳದ ತಾಣಗಳಿವೆ. ಮೊದಲು ಬಂದವರಿಗೆ ಜಾಗ.

ಮಣ್ಣುರಸ್ತೆಯ ಮಾತು ಬಂದಾಗ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಬಾಡಿಗೆ ಕಾರುಗಳ ಕರಾರಿನಲ್ಲಿ ಡಾಂಬರಿಲ್ಲದ ರಸ್ತೆಯಲ್ಲಿ ಓಡಿಸಬಾರದು ಎಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ಅಲ್ಲಿ ಅಪಘಾತವಾದರೆ ವಿಮೆ ಅನ್ವಯಿಸದೆ ಪೂರ್ತಿ ವೆಚ್ಚ ನಿಮ್ಮ ಮೇಲೆಯೇ ಬೀಳಬಹುದು. ಕರಾರನ್ನು ಓದಿದ ಮೇಲೆಯೇ ತಾಣವನ್ನು ನಿಶ್ಚಯಿಸಿಕೊಳ್ಳಿ. ಮುಸ್ಸಂಜೆಯ ಹೊತ್ತಿಗೆ ಕಾಂಗರೂಗಳೂ ವಾಂಬ್ಯಾಟ್‌ಗಳೂ ರಸ್ತೆಗೆ ಬರುವುದರಿಂದ ಕತ್ತಲಾದ ಮೇಲೆ ಓಡಿಸುವ ಯೋಜನೆಯನ್ನೇ ಹಾಕಿಕೊಳ್ಳಬೇಡಿ.

ಕಾಡಿನ ಕಡೆಗೆ ತಿರುಗಿದರೆ ನಿಯಮಗಳೂ ಬದಲಾಗುತ್ತವೆ. ನ್ಯೂ ಸೌತ್ ವೇಲ್ಸ್‌ನ ರಾಷ್ಟ್ರೀಯ ಉದ್ಯಾನಗಳಲ್ಲಿ ಉಚಿತ ತಾಣಕ್ಕೂ ಮೊದಲೇ ಬುಕಿಂಗ್ ಮಾಡಿರಬೇಕು, ಸಾಕುನಾಯಿಗಳಿಗೆ ಪ್ರವೇಶವಿಲ್ಲ. ಅದೇ ರಾಜ್ಯದ ಸ್ಟೇಟ್ ಫಾರೆಸ್ಟ್‌ಗಳಲ್ಲಿ, ಅಂದರೆ ಉದ್ಯಾನಗಳಲ್ಲದ ಸರ್ಕಾರಿ ಕಾಡುಗಳಲ್ಲಿ, ಫಲಕ ಹಾಕಿ ನಿಷೇಧಿಸಿರದಿದ್ದರೆ, ಹಣ ಕೊಡದೆ ಟೆಂಟ್ ಹಾಕಬಹುದು, ನಾಯಿಯನ್ನೂ ಕರೆದೊಯ್ಯಬಹುದು. ಮರ ಕಡಿಯುವ ಕೆಲಸ ನಡೆಯುತ್ತಿರುವ ಭಾಗಗಳನ್ನು ಅರಣ್ಯ ನಿಗಮ ಮುಚ್ಚಿರುತ್ತದೆ. ಅದನ್ನು ನೋಡಿಕೊಳ್ಳದೆ ಹೋದರೆ ಬೆಳಗಿನ ಜಾವದಲ್ಲಿ ಲಾರಿಗಳ ಸದ್ದಿಗೆ ಏಳಬೇಕಾಗುತ್ತದೆ. ವಿಕ್ಟೋರಿಯಾದ ಸರ್ಕಾರಿ ಕಾಡುಗಳಲ್ಲಿಯೂ ಹೀಗೆ ಬಿಡಿಬಿಡಿಯಾಗಿ ತಂಗಬಹುದು, ಆದರೆ ಹೊಳೆ ತೊರೆಗಳಿಂದ ಕನಿಷ್ಠ 20 ಮೀಟರ್ ದೂರವಿರಬೇಕು. ಮೊರೂಯಾ ಊರಿನಿಂದ ಅರಲೂಯೆನ್ ರಸ್ತೆಯಲ್ಲಿ ಒಳಗೆ ಹೋದರೆ ಸಿಗುವ ಡ್ಯೂವಾ ನದಿಯ ತಾಣಗಳು ವಾರಾಂತ್ಯಕ್ಕೆ ನಾನು ಸೂಚಿಸುವ ಜಾಗ. ಸಮುದ್ರಕ್ಕೆ ಹೋಗುವ ಜನ ಅಲ್ಲಿಗೆ ತಿರುಗುವುದೇ ಅಪರೂಪ. ವಿಕ್ಟೋರಿಯಾದ ಸ್ನೋಯಿ ನದಿಯ ಮೇಲಿನ ಮೆಕಿಲಪ್ಸ್ ಸೇತುವೆಯ ತಾಣವೂ ಅಷ್ಟೇ ಏಕಾಂತವಾದದ್ದು, ಆದರೆ ಅಲ್ಲಿಗಿಳಿಯುವ ರಸ್ತೆ ಕಿರಿದಾಗಿಯೂ ಕಡಿದಾಗಿಯೂ ಇರುವುದರಿಂದ ಕ್ಯಾರವಾನ್ ಎಳೆಯುವವರಿಗೂ ಹೊಸದಾಗಿ ಕಾರು ಕಲಿತವರಿಗೂ ತಕ್ಕದ್ದಲ್ಲ. ಹೆದ್ದಾರಿ ಬದಿಯ ವಿಶ್ರಾಂತಿ ತಂಗುದಾಣಗಳು ನಿದ್ದೆ ಬಂದು ತೂಕಡಿಸಿದಾಗ ಪ್ರಾಣ ಉಳಿಸುವಂಥವು. ರಾತ್ರಿಯಿಡೀ ಲಾರಿಗಳು ಬಂದು ಹೋಗುವುದರಿಂದ ನೆಮ್ಮದಿಯನ್ನು ಅಲ್ಲಿ ನಿರೀಕ್ಷಿಸಬಾರದು. ಕಡಲತೀರದ ವಾಹನ ನಿಲುಗಡೆಯಲ್ಲಿ ರಾತ್ರಿ ಮಲಗುವುದನ್ನು ಸ್ಥಳೀಯ ಕೌನ್ಸಿಲುಗಳು ಅನೇಕ ಕಡೆ ನಿಷೇಧಿಸಿವೆ.

ತಾಣಕ್ಕೆ ಸಂಜೆ ನಾಲ್ಕರೊಳಗೆ ತಲುಪಿ, ಟೆಂಟನ್ನು ಚೀಲದಿಂದ ತೆಗೆಯುವ ಮೊದಲು ಒಂದು ಸುತ್ತು ನಡೆಯಿರಿ. ಮೊದಲು ತಲೆಯೆತ್ತಿ ನೋಡಬೇಕು. ನೀಲಗಿರಿ ಮರಗಳು ಗಾಳಿಯಿಲ್ಲದ ದಿನವೂ, ಯಾವ ಮುನ್ಸೂಚನೆಯನ್ನೂ ಕೊಡದೆ, ದಪ್ಪ ಕೊಂಬೆಗಳನ್ನು ಕೆಡವುತ್ತವೆ. ಎಲೆಯಿಲ್ಲದೆ ಬೆಳ್ಳಗೆ ಒಣಗಿದ ಕೊಂಬೆ, ಕವಲಿನಲ್ಲಿ ಸಿಕ್ಕಿಕೊಂಡು ತೂಗುತ್ತಿರುವ ತುಂಡು, ನೆಲದ ಮೇಲೆ ಹೊಸದಾಗಿ ಮುರಿದುಬಿದ್ದ ಕೊಂಬೆ ಇವುಗಳಲ್ಲಿ ಒಂದು ಕಂಡರೂ ಆ ಮರದ ಕೆಳಗೆ ಮಲಗಬಾರದು, ನೆರಳು ಎಷ್ಟೇ ಹಿತವಾಗಿರಲಿ. ಮಕ್ಕಳಿದ್ದರೆ ಇದನ್ನು ಅವರಿಗೂ ತೋರಿಸಿ ಹೇಳಿಕೊಡಿ. ಆಮೇಲೆ ಗಾಳಿಯ ಲೆಕ್ಕ. ನ್ಯೂ ಸೌತ್ ವೇಲ್ಸ್ ಕರಾವಳಿಯಲ್ಲಿ ಬೇಸಿಗೆಯ ಮಧ್ಯಾಹ್ನ ಈಶಾನ್ಯದಿಂದ ಕಡಲಗಾಳಿ ಬೀಸುತ್ತದೆ. ಬಿಸಿಲು ಹೆಚ್ಚಾದ ದಿನಗಳ ಕೊನೆಗೆ ದಕ್ಷಿಣದ ಬಿರುಗಾಳಿ ಥಟ್ಟನೆ ನುಗ್ಗಿ ಕೆಲವೇ ನಿಮಿಷಗಳಲ್ಲಿ ಸೆಕೆಯನ್ನು ಇಳಿಸಿಬಿಡುತ್ತದೆ. ಸಮುದ್ರಕ್ಕೆ ಎದುರಾದ, ಚಿತ್ರಕ್ಕೆ ಚೆನ್ನಾಗಿ ಕಾಣುವ ಜಾಗದಲ್ಲಿ ಟೆಂಟಿನ ಬಟ್ಟೆ ರಾತ್ರಿಯೆಲ್ಲ ಪಟಪಟ ಬಡಿಯುತ್ತದೆ. ಮರಳದಿಬ್ಬದ ಹಿಂದೆ, ದಕ್ಷಿಣಕ್ಕೆ ಬ್ಯಾಂಕ್ಸಿಯಾ ಪೊದೆಗಳ ಮರೆಯಿರುವ ಜಾಗದಲ್ಲಿ ನಿದ್ದೆ ಬರುತ್ತದೆ. ದಿಬ್ಬದ ಮೇಲೆ ಚಿಪ್ಪುಗಳ ದಟ್ಟ ರಾಶಿ ಕಂಡರೆ ಅದು ಸಾವಿರಾರು ವರ್ಷಗಳಿಂದ ಆದಿವಾಸಿ ಜನರು ಊಟ ಮಾಡಿದ ಜಾಗದ ಕುರುಹಾಗಿರಬಹುದು. ಕಾನೂನಿನ ರಕ್ಷಣೆಯಿರುವ ಆ ನೆಲವನ್ನು ತುಳಿಯದೆ, ಏನನ್ನೂ ಎತ್ತಿಕೊಳ್ಳದೆ ದೂರ ಸರಿಯಬೇಕು. ಮೂರನೆಯದಾಗಿ ಕಕ್ಕಸುಮನೆ ಮತ್ತು ಸಮುದ್ರಕ್ಕೆ ಹೋಗುವ ಕಾಲುದಾರಿ ಎಲ್ಲಿವೆ ನೋಡಿ. ಜನರ ಓಡಾಟ ಇವೆರಡರ ನಡುವೆಯೇ ನಡೆಯುವುದರಿಂದ, ಆ ಸಾಲಿನಿಂದ ಪಕ್ಕಕ್ಕೆ ಸರಿದ ಮೂಲೆಯೇ ಶಾಂತವಾದದ್ದು.

ಬೆಂಕಿಯ ವಿಷಯದಲ್ಲಿ ನಿರ್ಲಕ್ಷ್ಯ ಸಲ್ಲದು. 2019ರ ಡಿಸೆಂಬರ್ 31ರಂದು ಇದೇ ದಾರಿಯ ಮಲ್ಲಕೂಟಾ ಊರಿಗೆ ಕಾಳ್ಗಿಚ್ಚು ಬಂದಾಗ ಸಾವಿರಾರು ಜನ ನೀರಿನ ಅಂಚಿಗೆ ಓಡಿ ನಿಲ್ಲಬೇಕಾಯಿತು. ಹೊರಹೋಗುವ ರಸ್ತೆ ಮುಚ್ಚಿದ್ದರಿಂದ ಅನೇಕರನ್ನು ನೌಕಾಪಡೆಯ ಹಡಗು ಕರೆದೊಯ್ದಿತು. ಏಕಾಂತವಾದ ತಾಣಕ್ಕೆ ಹೆಚ್ಚಾಗಿ ಒಂದೇ ರಸ್ತೆ ಇರುತ್ತದೆ ಎಂಬುದನ್ನು ಮರೆಯಬಾರದು. ಅಪಾಯದ ಮಟ್ಟವನ್ನು ಸೂಚಿಸುವ ಫಲಕಗಳಲ್ಲಿ 2022ರಿಂದ ನಾಲ್ಕು ಹಂತಗಳಿವೆ: ಮಾಡರೇಟ್, ಹೈ, ಎಕ್ಸ್‌ಟ್ರೀಮ್, ಕೆಟಾಸ್ಟ್ರಾಫಿಕ್. ಮೂರನೆಯ ಹಂತ ಮುನ್ಸೂಚನೆಯಲ್ಲಿದ್ದರೆ ಹಿಂದಿನ ದಿನವೇ ಕಾಡನ್ನು ಬಿಟ್ಟು ಊರು ಸೇರಿ. ನ್ಯೂ ಸೌತ್ ವೇಲ್ಸ್‌ನಲ್ಲಿ ಹಜಾರ್ಡ್ಸ್ ನಿಯರ್ ಮಿ, ವಿಕ್ಟೋರಿಯಾದಲ್ಲಿ ವಿಕ್ ಎಮರ್ಜೆನ್ಸಿ ಆ್ಯಪ್‌ಗಳನ್ನು ಹೊರಡುವ ಮೊದಲೇ ಫೋನಿಗೆ ಹಾಕಿಕೊಂಡಿರಬೇಕು. ಪೂರ್ಣ ಬೆಂಕಿ ನಿಷೇಧದ ದಿನ ಗ್ಯಾಸ್ ಒಲೆಗೂ ನಿರ್ಬಂಧಗಳಿರುತ್ತವೆ, ಅವು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಹಾಗಾಗಿ ಒಂದು ದಿನಕ್ಕಾಗುವಷ್ಟು ಅವಲಕ್ಕಿ, ಚಪಾತಿ, ಹಣ್ಣುಗಳಂಥ ಒಲೆ ಬೇಡದ ಆಹಾರ ಜೊತೆಗಿರಲಿ. ಬೆಂಕಿಗೆ ಅನುಮತಿ ಇರುವ ದಿನವೂ ಕೊನೆಗೆ ಅದನ್ನು ನೀರು ಸುರಿದೇ ಆರಿಸಬೇಕು. ಮಣ್ಣು ಮುಚ್ಚಿದರೆ ಒಳಗೆ ಕೆಂಡ ಗಂಟೆಗಟ್ಟಲೆ ಉಳಿಯುತ್ತದೆ.

ಇಂಥ ತಾಣಗಳಲ್ಲಿ ಕುಡಿಯುವ ನೀರು ಬಹುತೇಕ ಇರುವುದಿಲ್ಲ. ಅಡುಗೆಯೂ ಸೇರಿ ಒಬ್ಬರಿಗೆ ದಿನಕ್ಕೆ 5 ಲೀಟರ್ ಲೆಕ್ಕ ಹಾಕಿ, ಮೇಲೊಂದು ದಿನದ ನೀರನ್ನು ಹೆಚ್ಚಿಗೆ ಇಟ್ಟುಕೊಳ್ಳಿ. ಆಹಾರವನ್ನು ಟೆಂಟಿನಲ್ಲಿ ಇಡದೆ ಕಾರಿನಲ್ಲಿ ಭದ್ರಪಡಿಸಿ. ರಾತ್ರಿ ಪಾಸಮ್‌ಗಳೂ ಹಗಲು ನಮ್ಮ ಉಡದ ಜಾತಿಯ ಗೋಆನಾಗಳೂ ಬಂದು ಚೀಲ ಹರಿಯುತ್ತವೆ. ತೇವದ ಕಾಡಿನಲ್ಲಿ ನಡೆದುಬಂದ ಮೇಲೆ ಮಲೆನಾಡಿನಲ್ಲಿ ಇಂಬಳ ನೋಡಿಕೊಳ್ಳುವಂತೆ ಕಿವಿಯ ಹಿಂದೆ, ಕೂದಲಿನಲ್ಲಿ ಉಣ್ಣಿಗಳಿಗಾಗಿ ಹುಡುಕಬೇಕು. ಕಾವಲಿಲ್ಲದ ಈ ತೀರಗಳಲ್ಲಿ ಒಳಸೆಳೆತ ಬಲವಾಗಿರುವುದರಿಂದ, ಚೆನ್ನಾಗಿ ಈಜು ಬಲ್ಲವರೂ ಒಂಟಿಯಾಗಿ ಇಳಿಯಬಾರದು. ಕೆಂಪು ಹಳದಿ ಬಾವುಟಗಳ ನಡುವೆ ಜೀವರಕ್ಷಕರಿರುವ ಊರಿನ ಬೀಚಿನಲ್ಲಿಯೇ ಮಕ್ಕಳನ್ನು ಆಡಿಸಿ.

ಫೋನ್ ಸಂಪರ್ಕ ಅನೇಕ ಕಡೆ ಇರುವುದಿಲ್ಲವಾದ್ದರಿಂದ ನಕ್ಷೆಯನ್ನು ಮನೆಯಲ್ಲಿಯೇ ಇಳಿಸಿಕೊಂಡು, ಯಾವ ರಾತ್ರಿ ಎಲ್ಲಿರುತ್ತೀರಿ ಎಂಬುದನ್ನು ಒಬ್ಬರಿಗೆ ಬರೆದು ಕಳುಹಿಸಿ. ತುರ್ತು ಸಂಖ್ಯೆ 000. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಯಾವುದಾದರೂ ಜಾಲವಿದ್ದರೆ ಆ ಕರೆ ಹೋಗುತ್ತದೆ. ಪ್ರತಿ ರಾತ್ರಿಗೂ ಎರಡನೆಯ ಜಾಗವೊಂದನ್ನು ಗುರುತಿಸಿಟ್ಟುಕೊಳ್ಳಿ, ಅದು ಮೊದಲ ತಾಣದಿಂದ ಒಂದು ಗಂಟೆಯ ದಾರಿಯೊಳಗಿರಲಿ. ಬೇಸಿಗೆಯಲ್ಲಿ ಸೂರ್ಯ ಮುಳುಗುವುದು ಸುಮಾರು ಎಂಟಕ್ಕಾದರೂ ಚಳಿಗಾಲದಲ್ಲಿ ಐದಕ್ಕೇ ಕತ್ತಲಾಗುತ್ತದೆ. ಆ ತಿಂಗಳುಗಳಲ್ಲಿ ಮಧ್ಯಾಹ್ನ ಮೂರಾದರೂ ಮೊದಲ ತಾಣ ಇನ್ನೂ ದೂರವಿದ್ದರೆ ಅಥವಾ ಅಲ್ಲಿನ ರಸ್ತೆ ಮುಚ್ಚಿದ್ದರೆ ಹಟ ಮಾಡದೆ ಎರಡನೆಯದಕ್ಕೆ ತಿರುಗಿಸಿ.